ಕ್ಲಾಸಿನ ಹೊರಗಿನ ಪಾಠ: ಗದ್ವಾಲ ಸೀಮೆಯ ಸುರವರಂ ಪ್ರತಾಪರೆಡ್ಡಿ

ಹತ್ತನೇ ಕ್ಲಾಸು ಮುಗಿಯಿತೆಂದರೆ ಉಟ್ಕೂರು, ಮಕ್ತಲ್, ನಾರಾಯಣಪೇಟೆ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಹುಡುಗನನ್ನು ಮುಂದೆ ಎಲ್ಲಿ ಓದಿಸೋದು? ರಾಯಚೂರೋ, ಪಾಲಮೂರೋ, ಹೈದರಾಬಾದೋ? ಸೀಟು ಸಿಕ್ಕರೆ ಎರಡನೇ ಚಿಂತೆ: ಇರೋದೆಲ್ಲಿ, ಉಣ್ಣೋದೆಲ್ಲಿ? ಅದೂ ಇತ್ಯರ್ಥವಾದ ಮೇಲೆ ಬಸ್ ಹತ್ತಿಸುವಾಗ ಹಿರಿಯರು ಹೇಳುವ ಮಾತು ಕನ್ನಡದ ಮನೆಯಲ್ಲೂ ಒಂದೇ, ತೆಲುಗಿನ ಮನೆಯಲ್ಲೂ ಒಂದೇ. ಓದು ಬಿಟ್ಟು ಬೇರೆ ಉಸಾಬರಿಗೆ ಹೋಗಬೇಡಪ್ಪಾ ಅಂತ. ಆಟ, ನಾಟಕ, ಭಾಷಣ, ಸಂಘ ಎಂದು ತಿರುಗಿದರೆ ಶೇಂಗಾ ಮಾರಿದ ರೊಕ್ಕ ನೀರಾಗ ಹೋಯಿತು ಎಂಬ ಹೆದರಿಕೆ ಅವರದು.

ಹೆದರಿಕೆ ಸುಳ್ಳೇನಲ್ಲ. ಆದರೆ ಇದೇ ಸೀಮೆಯಲ್ಲಿ ಹುಟ್ಟಿದ ಒಬ್ಬರು, ಕಾಲೇಜು ಹುಡುಗರ ಆ ಉಸಾಬರಿಯನ್ನೇ ತಮ್ಮ ಕಸುಬು ಮಾಡಿಕೊಂಡಿದ್ದರು. ವಕೀಲಿ ಓದಿದವರು ಕೋರ್ಟಿಗಿಂತ ಹೆಚ್ಚಾಗಿ ಹಾಸ್ಟೆಲ್ಲು, ಪುಸ್ತಕ, ಪತ್ರಿಕೆ ಎಂದು ಆಯುಷ್ಯ ಸವೆಸಿದರು. ಅವರೇ ಸುರವರಂ ಪ್ರತಾಪರೆಡ್ಡಿ. ತೆಲುಗು ಬಲ್ಲವರಿಗೆ ಅವರ ಹೆಸರು ಹೊಸದಲ್ಲ. ಕನ್ನಡದ ಮಂದಿ ಅವರನ್ನು ನಮ್ಮ ಕಡೆಯವರು ಎಂದು ನೆನೆಸಿಕೊಳ್ಳುವುದು ಮಾತ್ರ ಕಮ್ಮಿ.

ಮೂರು ಊರಿನ ಓದು

ಪ್ರತಾಪರೆಡ್ಡಿ ಹುಟ್ಟಿದ್ದು 1896ರ ಮೇ 28ರಂದು, ಗದ್ವಾಲ ಸಂಸ್ಥಾನದ ಬೋರವೆಲ್ಲಿಯಲ್ಲಿ. ಸಂಸ್ಥಾನ ಗದ್ವಾಲದ ರಾಜರದಾದರೂ ಮೇಲಿನ ದೊರೆತನ ಹೈದರಾಬಾದಿನ ನಿಜಾಮರದು. ತುಂಗಭದ್ರೆ ದಾಟಿದರೆ ಬ್ರಿಟಿಷರ ಮದ್ರಾಸ್ ಪ್ರಾಂತ, ಕರ್ನೂಲು. ಹುಡುಗನ ಶಾಲೆಯ ಓದು ನಡೆದದ್ದು ಆ ಕರ್ನೂಲಿನಲ್ಲಿ. ಶಾಲೆಯ ಪಾಠ ಒಂದು ಕಡೆಯಾದರೆ, ವೆಲ್ಲಾಲ ಶಂಕರಶಾಸ್ತ್ರಿಗಳ ಹತ್ತಿರ ಸಂಸ್ಕೃತದ ಪಾಠ ಇನ್ನೊಂದು ಕಡೆ. ಪರೀಕ್ಷೆಗೆ ಬೇಕಾದದ್ದಕ್ಕಿಂತ ಹೆಚ್ಚು ಓದುವ ಚಾಳಿ ಅಲ್ಲಿಂದಲೇ ಹತ್ತಿತು.

ಮುಂದೆ ಇಂಟರ್‌ಮೀಡಿಯಟ್‌ಗೆ ಹೈದರಾಬಾದಿನ ನಿಜಾಂ ಕಾಲೇಜು. ಊರು ನಿಜಾಮರದಾದರೂ ಆ ಕಾಲೇಜು ಆಗ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಪಾಠ ಇಂಗ್ಲಿಷಿನಲ್ಲಿ. ಅಲ್ಲಿಂದ ಬಿ.ಎ.ಗೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಮೇಲೆ ಕಾನೂನಿನ ಪದವಿ. ಮದ್ರಾಸಿನಲ್ಲಿ ವೇದಂ ವೆಂಕಟರಾಯಶಾಸ್ತ್ರಿಗಳ ಒಡನಾಟ ದೊರೆಯಿತು. ನಾಟಕದ ಪಾತ್ರಗಳು ತಮ್ಮ ತಮ್ಮ ಆಡುಮಾತನ್ನೇ ಆಡಬೇಕೆಂದು ಬರೆದು ತೋರಿಸಿದ ದೊಡ್ಡ ಪಂಡಿತರು ಅವರು. ಜನರ ಆಡುಮಾತಿನ ಮೇಲೆ ಪ್ರತಾಪರೆಡ್ಡಿ ಕಡೆತನಕ ಇಟ್ಟಿದ್ದ ಮಮತೆಯನ್ನು ನೋಡಿದರೆ, ಆ ಒಡನಾಟ ವ್ಯರ್ಥವಾಗಲಿಲ್ಲ ಅನ್ನಬೇಕು. ಕ್ಲಾಸಿನಲ್ಲಿ ಇಂಗ್ಲಿಷು, ಕ್ಲಾಸಿನ ಹೊರಗೆ ತಾಯ್ನುಡಿ. ಮುಂದೆ ಅವರು ಮಾಡಿದ ಕೆಲಸಕ್ಕೆಲ್ಲ ಇದೇ ತಳಪಾಯ.

ಕೊತ್ವಾಲರ ಹಾಸ್ಟೆಲ್ಲು

ಅವರು ಓದು ಮುಗಿಸುವ ಹೊತ್ತಿಗೆ ಹೈದರಾಬಾದ್ ಬದಲಾಗುತ್ತಿತ್ತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು, 1919ರಲ್ಲಿ ಅದರ ಯೂನಿವರ್ಸಿಟಿ ಕಾಲೇಜು ಶುರುವಾಯಿತು. ಪಾಠವೆಲ್ಲ ಉರ್ದುವಿನಲ್ಲಿ. ಇಂಗ್ಲಿಷ್ ಬಿಟ್ಟು ನಮ್ಮ ದೇಶದ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ ಎಲ್ಲ ಕಲಿಸಬಹುದು ಎಂದು ತೋರಿಸಿದ್ದು ಸಣ್ಣ ಸಾಧನೆಯಲ್ಲ. ಅದಕ್ಕೆಂದೇ ಒಂದು ಅನುವಾದದ ದಫ್ತರ ಕೂಡ ಇತ್ತು. ಆದರೆ ಸಂಸ್ಥಾನದ ಜನರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಯ ಮಾತು ತೆಲುಗು, ಕಾಲು ಭಾಗದವರದು ಮರಾಠಿ, ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಂದಿಯದು ಕನ್ನಡ. ಈ ಹಳ್ಳಿಗಳಿಂದ ಹೋದ ಹುಡುಗನಿಗೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು.

ಅದೇ 1918ರಲ್ಲಿ ಹೈದರಾಬಾದಿನಲ್ಲಿ ರೆಡ್ಡಿ ಹಾಸ್ಟೆಲ್ ಪ್ರಾರಂಭವಾಯಿತು. ಮುಂದಾಳು ರಾಜಾ ಬಹದ್ದೂರ್ ವೆಂಕಟರಾಮರೆಡ್ಡಿ. ವನಪರ್ತಿ ಸೀಮೆಯವರು. 1920ರಿಂದ 1934ರವರೆಗೆ ಹೈದರಾಬಾದ್ ನಗರದ ಕೊತ್ವಾಲರಾಗಿದ್ದವರು, ಅಂದರೆ ಪೊಲೀಸಿನ ಮುಖ್ಯಸ್ಥರು. ಹಾಸ್ಟೆಲ್ಲಿನ ಹೆಸರೇ ಹೇಳುವ ಹಾಗೆ ಅದು ಒಂದು ಸಮುದಾಯದ ಹುಡುಗರಿಗೆಂದು ಕಟ್ಟಿದ್ದು. ಆ ಕಾಲದ ಹಾಸ್ಟೆಲ್ಲುಗಳು ಬಹಳವಾಗಿ ಹಾಗೆಯೇ, ಜಾತಿಗೊಂದು, ಮತಕ್ಕೊಂದು. ಆ ಇತಿಮಿತಿ ಇದ್ದದ್ದೇ.

ಈ ಹಾಸ್ಟೆಲ್ಲಿನ ಆಡಳಿತ ನೋಡಿಕೊಳ್ಳಲು ಪ್ರತಾಪರೆಡ್ಡಿ ಬಂದರು. ಅನ್ನ, ಸಾರು, ಹಾಸಿಗೆ, ಇಷ್ಟಕ್ಕೇ ಹಾಸ್ಟೆಲ್ ಎನ್ನುವವರು ಅವರಲ್ಲ. ಸಾವಿರಾರು ಪುಸ್ತಕ ಕೂಡಿಸಿ ಅಲ್ಲೊಂದು ಗ್ರಂಥಾಲಯ ಬೆಳೆಸಿದರು. ಕಾಲೇಜಿನಲ್ಲಿ ಉರ್ದು ಇಲ್ಲವೆ ಇಂಗ್ಲಿಷ್ ಓದಿ ಬಂದ ಹುಡುಗನಿಗೆ ಸಾಯಂಕಾಲ ತನ್ನ ಭಾಷೆಯ ಪುಸ್ತಕ ಕೈಗೆ ಸಿಗುತ್ತಿತ್ತು.

ಇದರ ಬೆಲೆ ಗೊತ್ತಾಗಬೇಕಾದರೆ ಆಗಿನ ಕಾನೂನು ನೆನೆಯಬೇಕು. ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಸಭೆ ಕೂಡಲು ಮೊದಲೇ ಸರ್ಕಾರದ ಅಪ್ಪಣೆ ಬೇಕು. 1921ರಲ್ಲಿ ಹೈದರಾಬಾದಿನ ವಿವೇಕವರ್ಧಿನಿಯಲ್ಲಿ ನಡೆದ ಸಮಾಜ ಸುಧಾರಣೆಯ ಸಭೆಯೊಂದರಲ್ಲಿ ಆಲಂಪಲ್ಲಿ ವೆಂಕಟರಾಮರಾವ್ ತೆಲುಗಿನಲ್ಲಿ ಮಾತಾಡಲು ಎದ್ದರೆ ಕೂತವರು ಗೇಲಿ ಮಾಡಿದ್ದರು. ಆ ಅವಮಾನದಿಂದಲೇ ಆಂಧ್ರ ಜನಸಂಘ ಹುಟ್ಟಿತು. ಸಭೆಗೆ ಅಪ್ಪಣೆ ಬೇಕು, ಸಭೆಯಲ್ಲಿ ತಾಯ್ನುಡಿ ಆಡಿದರೆ ನಗೆಪಾಟಲು. ಇಂಥಾದ್ದರಲ್ಲಿ ಹಾಸ್ಟೆಲ್ಲಿನ ಪಡಸಾಲೆ, ಗ್ರಂಥಾಲಯದ ಮೇಜು, ಇವೇ ಹುಡುಗರಿಗೆ ಸಭೆಯ ಜಾಗ.

ಹಿರಿಯರ ಹೆದರಿಕೆ ನಿಜವಾದದ್ದೂ ಉಂಟು. ಈ ಹಾಸ್ಟೆಲ್ಲಿನಲ್ಲಿದ್ದು ಓದಿದ ರಾವಿ ನಾರಾಯಣರೆಡ್ಡಿ 1930ರಲ್ಲಿ ಕಾಲೇಜು ಬಿಟ್ಟು ಉಪ್ಪಿನ ಸತ್ಯಾಗ್ರಹಕ್ಕೆ ಕಾಕಿನಾಡಕ್ಕೆ ನಡೆದರು. ಮನೆಯವರಿಗೆ ಎಷ್ಟು ಸಂಕಟವಾಗಿರಬೇಕು! ಅದೇ ರಾವಿ ನಾರಾಯಣರೆಡ್ಡಿ 1952ರಲ್ಲಿ ನಲಗೊಂಡದಿಂದ ಲೋಕಸಭೆಗೆ ಗೆದ್ದಾಗ ನೆಹರೂಗಿಂತ ಹೆಚ್ಚು ಮತ ಪಡೆದಿದ್ದರು. 1938ರಲ್ಲಿ ಉಸ್ಮಾನಿಯಾದ ಹಾಸ್ಟೆಲ್ಲುಗಳಲ್ಲಿ ವಂದೇ ಮಾತರಂ ಹಾಡಬಾರದೆಂದು ತಡೆದಾಗ ನೂರಾರು ಹುಡುಗರು ಹೊರಬಿದ್ದರು. ನಮ್ಮ ಗುಲ್ಬರ್ಗದ ಕಾಲೇಜಿಗೂ ಆ ಬಿಸಿ ತಟ್ಟಿತು. ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಬೇಕಾಯಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಹಾಡು ಒಂದು, ಅದಕ್ಕೆ ತೆತ್ತ ಬೆಲೆ ಒಂದು ವರ್ಷದ ಓದು.

ಪತ್ರಿಕೆ, ಕವಿಗಳ ಲೆಕ್ಕ

ಹಾಸ್ಟೆಲ್ಲಿನ ಗೋಡೆಯೊಳಗೆ ಮಾಡಿದ ಕೆಲಸವನ್ನು ಪ್ರತಾಪರೆಡ್ಡಿ ಊರೂರಿಗೆ ಒಯ್ದದ್ದು 1926ರ ಮೇ 10ರಂದು ಶುರುವಾದ ಗೋಲಕೊಂಡ ಪತ್ರಿಕೆಯಿಂದ. ವಾರಕ್ಕೆ ಎರಡು ಸಲ ಬರುತ್ತಿದ್ದ ಈ ತೆಲುಗು ಪತ್ರಿಕೆ ಹಳ್ಳಿಯ ಶಾಲೆ, ಗ್ರಂಥಾಲಯ, ರೈತನ ಗೋಳು, ಅಧಿಕಾರಿಗಳ ದಬ್ಬಾಳಿಕೆ ಎಲ್ಲ ಬರೆಯಿತು. ಹಾಸ್ಟೆಲ್ಲಿನ ಹಿಂದೆ ಇದ್ದವರು ಸರ್ಕಾರದ ಕೊತ್ವಾಲರು, ಹಾಸ್ಟೆಲ್ ನಡೆಸಿದವರ ಪತ್ರಿಕೆ ಕೇಳುವುದು ಸರ್ಕಾರವನ್ನೇ! ಇಬ್ಬರೂ ತಮ್ಮ ತಮ್ಮ ಹಾದಿ ಬಿಡದೆ ಕೆಲಸ ನಡೆಸಿದ್ದು ಆ ತಲೆಮಾರಿನ ಜಾಣತನ. 1930ರಲ್ಲಿ ಜೋಗಿಪೇಟೆಯಲ್ಲಿ ನಡೆದ ಮೊದಲ ಆಂಧ್ರ ಮಹಾಸಭೆಗೆ ಪ್ರತಾಪರೆಡ್ಡಿಯವರೇ ಅಧ್ಯಕ್ಷರು.

ತೆಲಂಗಾಣದಲ್ಲಿ ಕವಿಗಳೇ ಇಲ್ಲ ಎಂಬ ಮಾತೊಂದು ಆಗ ಬಂತು. ಪ್ರತಾಪರೆಡ್ಡಿ ವಾದಕ್ಕೆ ಕೂಡಲಿಲ್ಲ. ಊರೂರಿನಿಂದ ಪದ್ಯ ತರಿಸಿ, 354 ಕವಿಗಳನ್ನು ಸೇರಿಸಿ 1934ರಲ್ಲಿ ಗೋಲಕೊಂಡ ಕವುಲ ಸಂಚಿಕೆ ಅಚ್ಚು ಹಾಕಿಸಿದರು. ಅಂಗಡಿಯಲ್ಲಿ ಲೆಕ್ಕ ತಪ್ಪು ಎಂದವನ ಮುಂದೆ ಖಾತೆ ಪುಸ್ತಕ ತೆರೆದಿಟ್ಟಂತೆ. ಕನ್ನಡದವರು ನೆನಪಿಡಬೇಕಾದ್ದೆಂದರೆ ಅದೇ 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕೂಡಿತು. ಕೃಷ್ಣೆಯ ಈ ದಂಡೆಯವರೂ ಆ ದಂಡೆಯವರೂ ಒಂದೇ ಕಾಲಕ್ಕೆ, ಒಂದೇ ಸರ್ಕಾರದಡಿ, ತಮ್ಮ ತಮ್ಮ ಮಾತಿಗೆ ಮರ್ಯಾದೆ ಕೇಳುತ್ತಿದ್ದರು. ಒಬ್ಬರ ವಿರುದ್ಧ ಒಬ್ಬರಲ್ಲ.

ಜನರ ಚರಿತ್ರೆ

1949ರಲ್ಲಿ ಬಂದ ಆಂಧ್ರುಲ ಸಾಂಘಿಕ ಚರಿತ್ರ ಅವರ ದೊಡ್ಡ ಪುಸ್ತಕ. ಯಾವ ರಾಜ ಯಾವ ಕೋಟೆ ಗೆದ್ದ ಎಂಬುದು ಅದರ ಮುಖ್ಯ ವಿಷಯವಲ್ಲ. ಜನ ಏನು ಉಂಡರು, ಏನು ಉಟ್ಟರು, ಯಾವ ಆಟ ಆಡಿದರು, ಯಾವ ಸಂತೆಯಲ್ಲಿ ಏನು ಮಾರಿದರು, ಇದನ್ನು ಹಳೆಯ ಕಾವ್ಯ, ಗಾದೆ, ಶಾಸನಗಳಿಂದ ಹೆಕ್ಕಿದರು. ಪಾಲ್ಕುರಿಕಿ ಸೋಮನಾಥನ ಬಸವಪುರಾಣ ಅದಕ್ಕೆ ಒಂದು ಆಕರ. ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದದ್ದು ಆ ಪುರಾಣವನ್ನೇ. ಎರಡೂ ಭಾಷೆಯ ಮನೆಗಳಿಗೆ ಸೇರಿದ ಗಂಟು ಅದು. ಮಕ್ಕಳ ಆಟವನ್ನು ಕೂಡ ಚರಿತ್ರೆ ಎಂದು ಬರೆದಿಟ್ಟ ಮನುಷ್ಯನಿಗೆ, ಓದಿನ ನಡುವಿನ ಆಟ ಪಾಟ ಕಾಲಹರಣವಾಗಿ ಕಾಣಲಿಲ್ಲ ಅನ್ನೋದರಲ್ಲಿ ಆಶ್ಚರ್ಯವಿಲ್ಲ.

1952ರ ಮೊದಲ ಚುನಾವಣೆಯಲ್ಲಿ ವನಪರ್ತಿಯಿಂದ ಹೈದರಾಬಾದ್ ವಿಧಾನಸಭೆಗೆ ಆಯ್ಕೆಯಾದರು. 1953ರ ಆಗಸ್ಟ್ 25ರಂದು ತೀರಿಕೊಂಡರು. ವಯಸ್ಸು 57. ಅವರ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬಿಟ್ಟು ಮಹಬೂಬನಗರಕ್ಕೆ ಸೇರಿದ 1956 ಅವರು ಕಾಣಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 1955ರಲ್ಲಿ ಮೊದಲ ಸಲ ಪ್ರಶಸ್ತಿ ಕೊಟ್ಟಾಗ ತೆಲುಗಿಗೆ ಸಂದದ್ದು ಅವರ ಈ ಚರಿತ್ರೆಗೆ, ಕನ್ನಡಕ್ಕೆ ಸಂದದ್ದು ಕುವೆಂಪು ಅವರ ಶ್ರೀರಾಮಾಯಣ ದರ್ಶನಂಗೆ. 2025ರಲ್ಲಿ ತೆಲಂಗಾಣ ವಿಧಾನಸಭೆ ಹೈದರಾಬಾದಿನ ತೆಲುಗು ವಿಶ್ವವಿದ್ಯಾಲಯಕ್ಕೆ ಸುರವರಂ ಹೆಸರಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಹಾಸ್ಟೆಲ್ ನೋಡಿಕೊಂಡಿದ್ದವರ ಹೆಸರು ಒಂದು ವಿಶ್ವವಿದ್ಯಾಲಯಕ್ಕೇ ಬಂತು.

ಗಡಿಯ ಹುಡುಗನಿಗೆ ಇವತ್ತಿಗೂ ಅದೇ ತೊಡಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು. ಪದವಿ ಮೂರನೆಯದರಿಂದ ಸಿಗುತ್ತದೆ, ಸರಿ. ಮೊದಲಿನ ಎರಡು ಉಳಿಯಬೇಕಾದರೆ ಅದು ಕ್ಲಾಸು ಬಿಟ್ಟ ಮೇಲಿನ ಹೊತ್ತಿನಲ್ಲೇ ಆಗಬೇಕು. ಹಾಸ್ಟೆಲ್ ಹುಡುಕುವಾಗ ಊಟ ಹೆಂಗದ, ತಿಂಗಳಿಗೆ ಎಷ್ಟು ಎಂದು ಕೇಳೋದು ಕೇಳಲೇಬೇಕು. ಜೊತೆಗೆ ಪುಸ್ತಕದ ಕೋಣೆ ಅದೇನಪ್ಪಾ, ಆಡಲಿಕ್ಕೆ ಬಯಲು ಅದೇನು, ಅಂತ ಇನ್ನೆರಡು ಮಾತು ಕೇಳಿದರೆ ನಷ್ಟವಿಲ್ಲ.