ಗಣಿತಸಾರಸಂಗ್ರಹಕರ್ತ ಶ್ರೀ ಮಹಾವೀರಾಚಾರ್ಯರು

ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲವು (ಕ್ರಿ. ಶ. 814-878) ಕನ್ನಡ ನಾಡಿನ ಜೈನ ವಾಙ್ಮಯಕ್ಕೆ ಸುವರ್ಣಯುಗವಾಗಿದ್ದಿತು. ಆ ಅರಸನ ಗುರುಗಳಾದ ಜಿನಸೇನಾಚಾರ್ಯರನ್ನು ಅರಿಯದ ಶ್ರಾವಕರಿಲ್ಲ. ಕವಿರಾಜಮಾರ್ಗದ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದೇ ಕಾಲದಲ್ಲಿ, ಸುಮಾರು 850ರಲ್ಲಿ, ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರ ಹೆಸರು ನಮ್ಮ ಸಭೆಗಳಲ್ಲಿ ಕೇಳಿಬರುವುದು ಅಪರೂಪ.

ಆಚಾರ್ಯರು ತಮ್ಮ ತಂದೆತಾಯಿಯರನ್ನಾಗಲಿ ಹುಟ್ಟಿದೂರನ್ನಾಗಲಿ ಗ್ರಂಥದಲ್ಲಿ ಹೇಳಿಕೊಂಡಿಲ್ಲ. ವರ್ಧಮಾನ ಜಿನರಿಗೆ ನಮಿಸಿ, ನೃಪತುಂಗನನ್ನು ಕೊಂಡಾಡಿ, ಪೂರ್ವಾಚಾರ್ಯರ ಜ್ಞಾನಸಾಗರದಿಂದ ತಾವು ಸಾರವನ್ನಷ್ಟೇ ಎತ್ತಿದುದಾಗಿ ವಿನಯದಿಂದ ತಿಳಿಸಿ, ನೇರವಾಗಿ ಲೆಕ್ಕಕ್ಕೆ ತೊಡಗುತ್ತಾರೆ. ಆದುದರಿಂದ ಅವರ ಚರಿತ್ರೆಯೆಂದರೆ ಅವರ ಗ್ರಂಥವೇ. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷ ಸಿದ್ಧಾಂತದ ಒಂದು ಭಾಗವಾಗಿ ಬರೆದರು. ಇವರಾದರೋ ಗ್ರಹತಾರೆಗಳನ್ನು ಬದಿಗಿರಿಸಿ, ಸಾವಿರದ ನೂರಕ್ಕೂ ಮಿಕ್ಕಿದ ಶ್ಲೋಕಗಳನ್ನು ಗಣಿತವೊಂದಕ್ಕೇ ಮೀಸಲಿಟ್ಟರು.

ಅವರು ಕೊಡುವ ಉದಾಹರಣೆಗಳಲ್ಲಿ ಬಸದಿಯೂ ಇದೆ, ಅಂಗಡಿಯೂ ಇದೆ. ಒಂದು ಜಿನಾಲಯಕ್ಕೆ 139 ಪುಷ್ಯರಾಗ ಮಣಿಗಳಂತೆ 109 ಜಿನಾಲಯಗಳಿಗೆ ಎಷ್ಟು ಬೇಕೆಂದು ಕೇಳುತ್ತಾರೆ. ಉತ್ತರ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ! ಇಂತಹ ಸಂಖ್ಯೆಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ನನ್ನಂತಹ ವ್ಯಾಪಾರಿಗೆ ಅತ್ಯಂತ ಪ್ರಿಯವಾದುದು ತ್ರೈರಾಶಿಕದ ಅಧ್ಯಾಯ. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳು ತಿಳಿದರೆ ನಾಲ್ಕನೆಯದು ತಾನಾಗಿ ದೊರೆಯುತ್ತದೆ. 12 ತೆಂಗಿನಕಾಯಿಗೆ 300 ರೂಪಾಯಿಯಾದರೆ 20 ಕಾಯಿಗೆಷ್ಟು? ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 500. ಹಿರಿಯಡ್ಕದ ಪೇಟೆಯಲ್ಲಿ ನಾವು ಬಾಯಿಲೆಕ್ಕದಲ್ಲಿ ಮಾಡುವುದೂ ಇದನ್ನೇ. ಇಂದಿನ ವಿದ್ಯಾರ್ಥಿಗಳು ಇದೇ ಸಂಬಂಧವನ್ನು ಬೀಜಾಕ್ಷರಗಳ ಸಮೀಕರಣವಾಗಿ ಬರೆದು, ಗ್ರಾಫ್ ಕಾಗದದ ಮೇಲೆ ಸೊನ್ನೆಯಿಂದ ಹೊರಡುವ ಸರಳರೇಖೆಯಾಗಿ ಎಳೆಯುತ್ತಾರೆ. ಒಂದು ಹೆಚ್ಚಿದಂತೆ ಇನ್ನೊಂದು ಕುಗ್ಗುವಲ್ಲಿ ಈ ಸೂತ್ರವು ನಡೆಯದು. 8 ಆಳುಗಳ 6 ದಿನದ ಕೆಲಸ 12 ಆಳುಗಳಿಗೆ 4 ದಿನದ್ದು. ಅದಕ್ಕಾಗಿ ವ್ಯಸ್ತ ತ್ರೈರಾಶಿಕವನ್ನು ಬೇರೆಯಾಗಿಯೇ ವಿಧಿಸಿದ್ದಾರೆ. ಮುಂದಿನ ಮಿಶ್ರಕ ವ್ಯವಹಾರದಲ್ಲಿ ಬಡ್ಡಿಯ ಲೆಕ್ಕ, ಬಂಗಾರದ ಬೆರಕೆ, ಪಾಲುಗಾರಿಕೆ ಎಲ್ಲವೂ ಬರುತ್ತವೆ. 2000, 3000, 5000 ರೂಪಾಯಿ ಹಾಕಿದ ಮೂವರಿಗೆ 1200 ರೂಪಾಯಿ ಲಾಭ ಬಂದರೆ 240, 360, 600ರಂತೆ ಹಂಚಬೇಕೆಂಬ ಪ್ರಕ್ಷೇಪಕ ವಿಧಿಯನ್ನು ಅರಿತವರ ನಡುವೆ ಅದೆಷ್ಟು ಮನಸ್ತಾಪಗಳು ತಪ್ಪಿದ್ದಾವು!

ಶ್ರೇಢಿಗಳ ವಿಷಯದಲ್ಲಿ ಅವರ ಬುದ್ಧಿ ಇನ್ನೂ ಸೂಕ್ಷ್ಮ. ದೀಪೋತ್ಸವದಲ್ಲಿ ಮೊದಲ ಸಾಲಿಗೆ 5 ಹಣತೆ, ಮುಂದಿನ ಪ್ರತಿ ಸಾಲಿಗೆ 3 ಹೆಚ್ಚು, ಹೀಗೆ 10 ಸಾಲುಗಳೆನ್ನೋಣ. ಐದು ಆದಿ, ಮೂರು ಚಯ, ಹತ್ತು ಗಚ್ಛ. ಒಂದು ಕಡಿಮೆಯಾದ ಗಚ್ಛವನ್ನು ಚಯದಿಂದ ಗುಣಿಸಿದರೆ 27. ಆದಿಯ ಇಮ್ಮಡಿ 10 ಕೂಡಿದರೆ 37. ಅದನ್ನು ಗಚ್ಛದ ಅರ್ಧದಿಂದ ಗುಣಿಸಿದರೆ ಒಟ್ಟು 185 ಹಣತೆಗಳು. ಮೊತ್ತವನ್ನು ತಿಳಿದು ಆದಿಯನ್ನೋ ಚಯವನ್ನೋ ಗಚ್ಛವನ್ನೋ ಹಿಂದಕ್ಕೆ ಕಂಡುಹಿಡಿಯುವ ಮಾರ್ಗವನ್ನೂ ಅವರು ಕೊಟ್ಟಿದ್ದಾರೆ.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದುದನ್ನು ಇಂದಿನವರು ಒಪ್ಪರು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆ ಕಾಲದಲ್ಲಿಯೇ ಸ್ಪಷ್ಟವಾಗಿ ನುಡಿದವರೂ ಅವರೇ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಅನಂತರ ಆಚಾರ್ಯರ ಕೃತಿ ಬಹುಕಾಲ ಓಲೆಗರಿಗಳಲ್ಲಿಯೇ ಉಳಿಯಿತು. ಮದರಾಸಿನ ಪ್ರೊ. ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅದನ್ನು ಅಚ್ಚು ಹಾಕಿಸಿದಾಗಲೇ ಲೋಕದ ಗಣಿತಜ್ಞರಿಗೆ ಅದು ತಿಳಿದುದು. ಅವರು ಹೋಲಿಸಿ ನೋಡಿದ ಪ್ರತಿಗಳಲ್ಲಿ ಒಂದು, ನಮ್ಮ ನೆರೆಯ ಮೂಡುಬಿದಿರೆಯ ಜೈನ ಮಠದ ಓಲೆಗರಿಯಿಂದ ಕನ್ನಡ ಲಿಪಿಯಲ್ಲಿ ನಕಲು ಮಾಡಿದುದು. ಆ ಗರಿಗಳಿಗೆ ಎಣ್ಣೆ ಸವರಿ, ಗೆದ್ದಲಿನಿಂದ ಕಾಪಾಡಿದ ಕೈಗಳ ಹೆಸರು ಎಲ್ಲಿಯೂ ದಾಖಲಾಗಿಲ್ಲ. 2000ದಲ್ಲಿ ಹೊಂಬುಜ ಜೈನ ಮಠದಿಂದ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂದಿದೆ. ಹತ್ತನೆಯ ತರಗತಿಯ ಲೆಕ್ಕ ಬಲ್ಲ ಮಕ್ಕಳು ಅದರ ತ್ರೈರಾಶಿಕದ ಅಧ್ಯಾಯವನ್ನು ಹಿರಿಯರೊಡನೆ ಕುಳಿತು ಓದಬಲ್ಲರು.