ಅಗ್ನಿಯೂ ಬೇಕು, ಅಕ್ಷರವೂ ಬೇಕು: ಪಂಡಿತಾ ರಮಾಬಾಯಿ ಮತ್ತು ನಮ್ಮ ಕೀರ್ತನೆಗಳು

ವಾಕ್ಯಭಾಗ: ಕೀರ್ತನೆ 22, ಲೂಕ 24:44–45, ಅಪೊಸ್ತಲರ ಕೃತ್ಯಗಳು 2

  

ಹೋದ ತಿಂಗಳು ತಿಕೋಟಾದ ಮನೆಪ್ರಾರ್ಥನೆ ಮುಗಿದ ಮೇಲೆ ಒಬ್ಬ ತಮ್ಮ ಹಿಂದೆ ಉಳಿದುಕೊಂಡ. ಎಲ್ಲರೂ ಹೋದ ಮೇಲೆ ಮೊಬೈಲ್ ತೆಗೆದು ತೋರಿಸಿದ. ಕಾಲೇಜಿನ ಗೆಳೆಯ ಒಂದು ವಿಡಿಯೋ ಕಳಿಸಿದ್ದಾನೆ. ಇಪ್ಪತ್ತೆರಡನೇ ಕೀರ್ತನೆಯಲ್ಲಿ ಕೈಕಾಲು ತಿವಿದರು ಅಂತ ನಾವು ಓದುತ್ತೇವಲ್ಲ, ಮೂಲ ಇಬ್ರಿಯದಲ್ಲಿ ಆ ಮಾತೇ ಇಲ್ಲ, ಅಲ್ಲಿ ಇರೋದು ಸಿಂಹದ ಹಾಗೆ ಅಂತ, ಕ್ರೈಸ್ತರು ತಿದ್ದಿದ್ದಾರೆ ಅಂತ ಅದರಲ್ಲಿ ಹೇಳಿದ್ದಾರೆ. ತಮ್ಮನ ಮುಖ ನೋಡಿದೆ. ಅವನು ವಾದಕ್ಕೆ ಬಂದಿರಲಿಲ್ಲ, ಹೆದರಿದ್ದ. ಅಣ್ಣ, ನಾವು ನಂಬಿದ್ದು ಒಂದು ತಪ್ಪು ಅನುವಾದಾನಾ ಅಂತ ಕೇಳಿದ.

ನನಗೆ ನನ್ನದೇ ಹಳೆಯ ದಿನ ನೆನಪಾಯಿತು. ಬೈಬಲ್ ಕಾಲೇಜಿನ ಡಿಪ್ಲೊಮಾ ಮುಗಿಸಿ ಬಂದ ಹೊಸತು. ಬಬಲೇಶ್ವರದಲ್ಲಿ ಒಂದು ಮನೆಕೂಟದಲ್ಲಿ ಇದೇ ಕೀರ್ತನೆ ಹಿಡಿದು ಗಂಟಲು ಹರಿಯೋ ಹಾಗೆ ಸಾರಿದೆ. ಹಿಂದೆ ಕೂತಿದ್ದ ಒಬ್ಬ ಹಿರಿಯರು ಶಾಂತವಾಗಿ ಕೇಳಿದರು: ದಾವೀದ ಇದನ್ನ ಬರೆದಾಗ ಅವನ ಸ್ವಂತ ಕಷ್ಟ ಏನೂ ಇರಲಿಲ್ಲೇನು? ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಾನು ದನಿ ಏರಿಸಿದೆ. ಅವರು ಮತ್ತೆ ಕೂಟಕ್ಕೆ ಬರಲಿಲ್ಲ. ಅದು ನನ್ನ ತಪ್ಪು. ಇವತ್ತಿಗೂ ನನ್ನನ್ನ ಚುಚ್ಚುತ್ತದೆ.

ಅದಕ್ಕೇ ಇವತ್ತು ನಿಮಗೆ ಒಬ್ಬ ತಾಯಿಯ ಜೀವನ ಹೇಳಬೇಕು ಅಂತ ಬಂದಿದ್ದೇನೆ. ಪ್ರಶ್ನೆ ಕೇಳೋಕೆ ಹೆದರದ, ಉತ್ತರ ಹುಡುಕೋಕೆ ಬೇಸರ ಮಾಡದ ತಾಯಿ. ಪಂಡಿತಾ ರಮಾಬಾಯಿ.

ಅವರನ್ನ ಮಹಾರಾಷ್ಟ್ರದವರು ಅಂತ ಎಲ್ಲರಿಗೂ ಗೊತ್ತು. ಆದರೆ ಹುಟ್ಟಿದ್ದು ನಮ್ಮ ನಾಡಿನ ಕಾಡಿನಲ್ಲಿ. 1858ರ ಏಪ್ರಿಲ್ 23, ಪಶ್ಚಿಮ ಘಟ್ಟದ ಗಂಗಾಮೂಲ, ಕಾರ್ಕಳದ ಮಾಳದ ಕಡೆ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ಪಂಡಿತರು. ಹೆಂಗಸರು ಸಂಸ್ಕೃತ ಕಲಿಯಬಾರದು ಅನ್ನೋ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು. ಜನ ವಿರೋಧ ಮಾಡಿದರು. ಆ ತಾಯಿ ಮಗಳಿಗೆ ಕಲಿಸಿದರು. ಚಿಕ್ಕ ವಯಸ್ಸಿಗೇ ಭಾಗವತದ ಸಾವಿರಾರು ಶ್ಲೋಕ ರಮಾಬಾಯಿಗೆ ಬಾಯಿಪಾಠ.

ಈ ಕುಟುಂಬ ಊರಿಂದ ಊರಿಗೆ ನಡೆಯುತ್ತಾ, ಪುಣ್ಯಕ್ಷೇತ್ರಗಳಲ್ಲಿ ಪುರಾಣ ಓದಿ, ಜನ ಕೊಟ್ಟದ್ದರಲ್ಲಿ ಬದುಕುತ್ತಿತ್ತು. 1870ರ ದಶಕದ ಬರ ಬಂತು. ಬರ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ತಂದೆ, ತಾಯಿ, ಅಕ್ಕ, ಕೆಲವೇ ತಿಂಗಳುಗಳಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅಣ್ಣ ಶ್ರೀನಿವಾಸನ ಜೊತೆ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವಯಸ್ಸಿನ ಈ ಹುಡುಗಿಯನ್ನ ಪರೀಕ್ಷಿಸಿ ಪಂಡಿತಾ, ಸರಸ್ವತಿ ಅನ್ನೋ ಬಿರುದು ಕೊಟ್ಟರು.

1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರ ಜೊತೆ ಜಾತಿ ಮೀರಿ ಮದುವೆ. ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾದಿಂದ ಗಂಡನೂ ಹೋದರು. ಇಪ್ಪತ್ಮೂರು ವಯಸ್ಸಿಗೆ ವಿಧವೆ, ಕೈಯಲ್ಲಿ ಕೂಸು.

ಇಲ್ಲಿ ಒಂದು ಸಣ್ಣ ಸಂಗತಿ ಗಮನಿಸ್ರಿ. ಗಂಡನ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿ ಭಾಷೆಯ ಒಂದು ಚಿಕ್ಕ ಪುಸ್ತಕ ಸಿಕ್ಕಿತ್ತು. ಲೂಕನ ಸುವಾರ್ತೆ. ಈ ಲೂಕನನ್ನ ಮನಸ್ಸಿನಲ್ಲಿ ಇಟ್ಟುಕೊಳ್ರಿ, ಆಮೇಲೆ ಬರ್ತೀನಿ.

1883ರಲ್ಲಿ ವೈದ್ಯಕೀಯ ಓದೋಕೆ ಅಂತ ಇಂಗ್ಲೆಂಡಿಗೆ ಹೋದರು. ಕಿವಿ ಸರಿಯಾಗಿ ಕೇಳದ ಕಾರಣ ಆ ಬಾಗಿಲು ಮುಚ್ಚಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ತಗೊಂಡರು. ಅಲ್ಲಿಗೆ ಪ್ರಶ್ನೆ ಮುಗೀತು ಅಂದ್ಕೊಂಡ್ರೇನು? ಇಲ್ಲ. ತ್ರಿಯೇಕ ದೇವರು ಅಂದರೇನು, ಯೇಸು ದೇವರು ಅಂತ ಯಾವ ಆಧಾರದ ಮೇಲೆ ಹೇಳ್ತೀರಿ ಅಂತ ತನ್ನನ್ನ ಪ್ರೀತಿಯಿಂದ ಸಾಕಿದ ಸಿಸ್ಟರ್‌ಗಳಿಗೇ ಪತ್ರದ ಮೇಲೆ ಪತ್ರ ಬರೆದರು. ಸಭೆ ಹೇಳಿದೆ ಅನ್ನೋ ಉತ್ತರ ಅವರಿಗೆ ಸಾಕಾಗಲಿಲ್ಲ. ಶಾಸ್ತ್ರದಲ್ಲಿ ತೋರಿಸಿ ಅಂದರು. ಸಿಸ್ಟರ್‌ಗಳಿಗೆ ನೋವಾಯಿತು, ಕೋಪವೂ ಬಂತು. ಆದರೆ ದೇವರು ಆಕೆಯನ್ನ ಬಿಡಲಿಲ್ಲ.

ಭಾರತಕ್ಕೆ ಬಂದು 1889ರಲ್ಲಿ ಮುಂಬೈನಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಆಮೇಲೆ ಸುಮಾರು 1891ರಲ್ಲಿ, ದೀಕ್ಷಾಸ್ನಾನ ಆಗಿ ಎಂಟು ವರ್ಷದ ಮೇಲೆ, ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನು ಸಿಕ್ಕಿಲ್ಲ ಅಂತ ಅವರಿಗೆ ಅರಿವಾಯಿತು. ಆಗ ಕ್ರಿಸ್ತನಿಗೇ ಶರಣಾದರು. ಯೌವನಸ್ಥರೇ, ಧರ್ಮ ಬದಲಾಗೋದು ಬೇರೆ, ಕರ್ತನು ಸಿಗೋದು ಬೇರೆ. ಆಮೆನ್?

ಈಗ ಕೀರ್ತನೆಗೆ ಬರೋಣ. ಶಿಷ್ಯರ ಕಥೆಯೂ ಹೀಗೇ ಅಲ್ಲವಾ? ಅವರು ಕೀರ್ತನೆಗಳನ್ನ ಚಿಕ್ಕಂದಿನಿಂದ ಹಾಡಿದ್ದರು. ಆದರೂ ಶಿಲುಬೆಯ ದಿನ ಓಡಿಹೋದರು. ಕೀರ್ತನೆ ಓದಿ ಅವರು ಯೇಸುವನ್ನ ಕಂಡುಹಿಡಿಯಲಿಲ್ಲ. ಎದ್ದುಬಂದ ಯೇಸುವೇ ಅವರ ಮುಂದೆ ನಿಂತು, ಧರ್ಮಶಾಸ್ತ್ರ, ಪ್ರವಾದಿಗಳು, ಕೀರ್ತನೆಗಳು ಅಂತ ಹೆಸರು ಹಿಡಿದು, ಅವರ ಬುದ್ಧಿಯನ್ನ ತೆರೆದನು. ಇದು ಎಲ್ಲಿದೆ? ಲೂಕ 24ರಲ್ಲಿ. ಆ ಬಂಗಾಳಿ ಪುಸ್ತಕದ ಕೊನೆಯ ಅಧ್ಯಾಯದಲ್ಲಿ. ಮೊದಲು ಕರ್ತನು, ಆಮೇಲೆ ಕಣ್ಣು ತೆರೆಯುವುದು. ಈ ಕ್ರಮ ತಪ್ಪಿದರೆ ಕೀರ್ತನೆ ನಮ್ಮ ಕೈಯಲ್ಲಿ ಬರೀ ವಾದದ ಕೋಲಾಗುತ್ತದೆ.

ಹಾಗಾದರೆ ದಾವೀದನ ಕಷ್ಟ ಸುಳ್ಳಾ? ಅಲ್ಲ. ಬಬಲೇಶ್ವರದ ಆ ಹಿರಿಯರ ಪ್ರಶ್ನೆ ಸರಿಯಾಗಿತ್ತು. ಮೆಸ್ಸೀಯ ಅಂದರೆ ಅಭಿಷಿಕ್ತ. ಸೌಲನೂ ಅಭಿಷಿಕ್ತ, ದಾವೀದನೂ ಅಭಿಷಿಕ್ತ. ಎರಡನೇ ಕೀರ್ತನೆ, ನೂರಹತ್ತನೇ ಕೀರ್ತನೆ ಇಸ್ರಾಯೇಲಿನ ಅರಸನ ಬಗ್ಗೆ ಹಾಡಿದ ಹಾಡುಗಳು. ಕ್ರಿಸ್ತಪೂರ್ವ 586ರಲ್ಲಿ ಯೆರೂಸಲೇಮ್ ಬಿತ್ತು, ಸಿಂಹಾಸನ ಹೋಯಿತು. ಆದರೂ ಜನ ಆ ಹಾಡು ಬಿಡಲಿಲ್ಲ. ಅರಸನಿಲ್ಲದ ಜನ ಅರಸನ ಹಾಡು ಹಾಡುತ್ತಾ ಹಾಡುತ್ತಾ, ಬರಲಿರುವ ಒಬ್ಬನಿಗಾಗಿ ಕಾದರು. ನಿರೀಕ್ಷೆ ಹುಟ್ಟಿದ್ದು ಹಾಗೆ.

ನಮ್ಮ ಗೋಳಗುಮ್ಮಟದಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತದೆ ಅಂತೀವಿ. ಮೊದಲನೇ ಚಪ್ಪಾಳೆ ನಿಜವಾದ ಕೈಯದು. ಪ್ರತಿಧ್ವನಿ ಬಂತು ಅಂತ ಕೈ ಸುಳ್ಳಾಗಲ್ಲ. ಇಪ್ಪತ್ತೆರಡನೇ ಕೀರ್ತನೆಯ ಕೂಗು ಮೊದಲು ನೊಂದ ಒಬ್ಬ ಭಕ್ತನದು. ಯೆಹೂದ್ಯರು ಅದನ್ನ ಎಸ್ತೇರಳ ಸಂಕಟಕ್ಕೂ ಹಚ್ಚಿ ಓದ್ತಾರೆ. ಅವರನ್ನ ಹಂಗಿಸಬೇಡ್ರಿ, ಪುಸ್ತಕ ನಮಗೆ ಬಂದದ್ದೇ ಅವರ ಕೈಯಿಂದ. ನಾವು ಹೇಳೋದು ಇಷ್ಟೇ: ಆ ಕೂಗಿನ ಮೊದಲ ಸಾಲನ್ನ ಯೇಸು ಶಿಲುಬೆಯ ಮೇಲೆ ತನ್ನದಾಗಿ ಮಾಡಿಕೊಂಡನು, ನೊಂದವರೆಲ್ಲರ ಕೂಗು ಆತನಲ್ಲಿ ತುಂಬಿ ಬಂತು.

ಇನ್ನು ಆ ವಿಡಿಯೋದ ಮಾತು. ಮುಚ್ಚಿಡಲ್ಲ, ಹೇಳಿಬಿಡ್ತೀನಿ. ಯೆಹೂದ್ಯರು ಕಾಪಾಡಿಕೊಂಡು ಬಂದ ಇಬ್ರಿಯ ಪಾಠದಲ್ಲಿ ಹೆಚ್ಚಾಗಿ ಸಿಂಹದ ಹಾಗೆ ಅಂತಲೇ ಇದೆ. ವ್ಯತ್ಯಾಸ ಇರೋದು ಒಂದೇ ಅಕ್ಷರದಲ್ಲಿ, ಯೋದ್ ಇದೆಯಾ, ವಾವ್ ಇದೆಯಾ ಅಂತ. ಎರಡೂ ಗೆರೆ ಎಳೆದ ಹಾಗೆ, ಒಂದು ಗಿಡ್ಡ, ಒಂದು ಉದ್ದ. ಆದರೆ ಯೇಸು ಹುಟ್ಟುವ ಮೊದಲೇ ಯೆಹೂದ್ಯರು ಮಾಡಿದ ಗ್ರೀಕ್ ಅನುವಾದದಲ್ಲಿ ಅಗೆದರು ಅನ್ನೋ ಅರ್ಥದ ಪದ ಇದೆ. ಮೃತಸಮುದ್ರದ ಹತ್ತಿರ ನಹಲ್ ಹೆವರ್‌ನಲ್ಲಿ ಸಿಕ್ಕ ಹಳೆಯ ತುಂಡಿನಲ್ಲೂ ಉದ್ದ ಅಕ್ಷರವೇ ಇದೆ ಅಂತ ಹಲವು ಪಂಡಿತರು ಓದ್ತಾರೆ. ಅಂದರೆ ಕ್ರೈಸ್ತರು ತಿದ್ದಿದ್ದಲ್ಲ. ಇನ್ನೊಂದು ಮಾತು: ಹೊಸ ಒಡಂಬಡಿಕೆ ಈ ಕೀರ್ತನೆಯಿಂದ ಬಟ್ಟೆಗೆ ಚೀಟು ಹಾಕಿದ್ದನ್ನ ಎತ್ತುತ್ತದೆ, ಆದರೆ ಈ ಕೈಕಾಲಿನ ಮಾತನ್ನ ಒಂದು ಸಲವೂ ಎತ್ತಿಲ್ಲ. ನಮ್ಮ ನಂಬಿಕೆ ಒಂದು ಗೆರೆಯ ಉದ್ದಕ್ಕೆ ನೇತು ಹಾಕಿದ್ದಲ್ಲ, ತಮ್ಮಾ. ಖಾಲಿ ಸಮಾಧಿಯ ಮೇಲೆ ಕಟ್ಟಿದ್ದು.

ಇದಕ್ಕೂ ರಮಾಬಾಯಿಗೂ ಏನು ಸಂಬಂಧ ಅಂತೀರಾ? ಕೇಳ್ರಿ. ನಮ್ಮೂರಿಂದ ಸೊಲ್ಲಾಪುರ ಮೇಲೆ ಪುಣೆಗೆ ರೈಲಿನಲ್ಲಿ ಹೋದರೆ ದೌಂಡ್ ದಾಟಿ ಕೇಡಗಾಂವ್ ಬರುತ್ತದೆ. ಅಲ್ಲಿ ಅವರ ಮುಕ್ತಿ ಮಿಷನ್. 1896ರಿಂದ ಬಂದ ಬರಗಳಲ್ಲಿ ನೂರಾರು ಹೆಣ್ಣುಮಕ್ಕಳನ್ನ ಕರೆತಂದು ಉಳಿಸಿದರು. ಬರದಲ್ಲಿ ತನ್ನವರನ್ನ ಕಳೆದುಕೊಂಡವಳು ಬರದಿಂದ ಬೇರೆಯವರನ್ನ ಎಳೆದು ತಂದಳು. 1905ರ ಜೂನ್ ಕೊನೆಗೆ ಅಲ್ಲಿ ಪವಿತ್ರಾತ್ಮನ ಉಜ್ಜೀವನ ಸುರಿಯಿತು. ಲಾಸ್ ಏಂಜಲೀಸ್‌ನ ಅಜುಸಾ ಬೀದಿಗಿಂತ ಒಂದು ವರ್ಷ ಮೊದಲು! ಜೊತೆಯಲ್ಲಿದ್ದ ಮಿನ್ನಿ ಅಬ್ರಾಮ್ಸ್ ಬರೆದ ಪುಸ್ತಕ ದೂರದ ಚಿಲಿ ದೇಶದಲ್ಲೂ ಬೆಂಕಿ ಹೊತ್ತಿಸಿತು. ಹಲ್ಲೆಲೂಯಾ.

ಆದರೆ ಇದನ್ನ ನಾವು ಪೆಂಟೆಕೋಸ್ಟ್ ಸಭೆಗಳಲ್ಲಿ ಅಷ್ಟಾಗಿ ಹೇಳಲ್ಲ: ಅದೇ ವರ್ಷಗಳಲ್ಲಿ ಆ ತಾಯಿ ಇಬ್ರಿಯ, ಗ್ರೀಕ್ ಕಲಿತು, ಇಡೀ ಬೈಬಲನ್ನ ಬಡ ಹೆಣ್ಣುಮಕ್ಕಳಿಗೆ ತಿಳಿಯೋ ಸರಳ ಮರಾಠಿಗೆ ತರೋಕೆ ಕೂತರು. ಐವತ್ತರ ಆಸುಪಾಸಿನ ವಯಸ್ಸು, ಕೇಳದ ಕಿವಿ, ಸಾವಿರಾರು ಜನರ ಊಟದ ಚಿಂತೆ. ಆದರೂ ಒಂದೊಂದು ಅಕ್ಷರ, ಒಂದೊಂದು ಪದ. ಮುಕ್ತಿಯ ಹೆಣ್ಣುಮಕ್ಕಳೇ ಮುದ್ರಣಾಲಯದಲ್ಲಿ ದುಡಿದರು. ಇಪ್ಪತ್ತೆರಡನೇ ಕೀರ್ತನೆಯ ಆ ಅಕ್ಷರವನ್ನ ದಾಟದೆ ಯಾರೂ ಕೀರ್ತನೆಗಳನ್ನ ಇಬ್ರಿಯದಿಂದ ತರೋಕಾಗಲ್ಲ. ಆತ್ಮನು ಬಂದಿದ್ದಾನೆ, ವ್ಯಾಕರಣ ಯಾಕೆ ಅಂತ ಅವರು ಅನ್ನಲಿಲ್ಲ. ಪಂಚಾಶತ್ತಮ ದಿನದ ಪೇತ್ರನೂ ಅನ್ನಲಿಲ್ಲ. ಅಗ್ನಿ ಇಳಿದ ಮೇಲೆ ಅವನು ಮಾಡಿದ ಮೊದಲ ಪ್ರಸಂಗ ಏನು? ಯೋವೇಲನ ಮಾತು ಎತ್ತಿ, ಹದಿನಾರನೇ ಕೀರ್ತನೆ, ನೂರಹತ್ತನೇ ಕೀರ್ತನೆ ಬಿಡಿಸಿದ್ದು.

ಮಗಳು ಮನೋರಮಾ ನಮ್ಮ ಪಕ್ಕದ ಕಲಬುರಗಿಯಲ್ಲಿ ಶಾಲೆ ನಡೆಸಿದಳು. 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ಆ ದುಃಖದಲ್ಲೂ ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ. ಕೊನೆಯ ಪುಟಗಳನ್ನ ತಿದ್ದಿ ಮುಗಿಸೋಕೆ ಇನ್ನು ಹತ್ತು ದಿನ ಕೊಡು ಅಂತ ಕರ್ತನನ್ನ ಬೇಡಿಕೊಂಡರು ಅಂತ ಹೇಳ್ತಾರೆ. 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ಹೋದರು. ಬೈಬಲ್ 1924ರಲ್ಲಿ ಹೊರಗೆ ಬಂತು.

ಆ ತಮ್ಮ ಇವತ್ತು ಇಲ್ಲೇ ಕೂತಿದ್ದಾನೆ, ಹೆಸರು ಹೇಳಲ್ಲ. ಅವನಿಗೂ ನಿಮಗೂ ಈ ವಾರದ ಕೆಲಸ ಒಂದೇ. ಇಪ್ಪತ್ತೆರಡನೇ ಕೀರ್ತನೆ ಪೂರ್ತಿ ಓದ್ರಿ. ಮೊದಲು ದಾವೀದನ ಅಳು ಕೇಳಿಸಿಕೊಳ್ರಿ, ಅವಸರ ಬೇಡ. ಆಮೇಲೆ ಶಿಲುಬೆಯ ಕೆಳಗೆ ನಿಂತು ಇನ್ನೊಂದು ಸಲ ಓದ್ರಿ. ಯಾರಾದರೂ ಪ್ರಶ್ನೆ ಕೇಳಿದರೆ ದನಿ ಏರಿಸಬೇಡ್ರಿ. ಗೊತ್ತಿದ್ದರೆ ಹೇಳ್ರಿ, ಗೊತ್ತಿಲ್ಲದಿದ್ದರೆ ಕಲೀರಿ.

ನಾನು ಬಬಲೇಶ್ವರದ ಆ ಹಿರಿಯರ ಮನೆಗೆ ಈ ಶನಿವಾರ ಹೋಗ್ತಾ ಇದ್ದೀನಿ, ಕ್ಷಮೆ ಕೇಳೋಕೆ. ನನಗಾಗಿ ಪ್ರಾರ್ಥಿಸ್ರಿ.

ಕಣ್ಣು ಮುಚ್ಚೋಣ. ಕರ್ತನೇ, ಶಿಷ್ಯರ ಬುದ್ಧಿಯನ್ನ ತೆರೆದ ಹಾಗೆ ನಮ್ಮ ಬುದ್ಧಿಯನ್ನೂ ತೆರೆ. ಅಗ್ನಿಯನ್ನೂ ಕೊಡು, ಅಕ್ಷರವನ್ನ ಓದೋ ತಾಳ್ಮೆಯನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.