ಪ್ಲೇಟ್‌ಲೆಟ್ ಕಂಡುಹಿಡಿದ ಬಿಜ್ಜೊಜೆರೊ

ನಮ್ಮ ಭಾಂಡುಪ್‌ನಲ್ಲಿ ಮಳೆಗಾಲ ಬಂತೆಂದರೆ ಪ್ಲೇಟ್‌ಲೆಟ್ ಎಂಬ ಮಾತು ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ. ಡೆಂಗ್ಯೂ ಬಂದವರ ಕೌಂಟ್ ಏರಿತೇ, ಇಳಿಯಿತೇ ಎಂದು ವಿಚಾರಿಸುವುದು ನಮಗೆ ರೂಢಿ. ಆದರೆ ಹುಟ್ಟಿ ಎರಡು ದಿನವಾದ ನನ್ನ ಮಗಳ ರಿಪೋರ್ಟಿನಲ್ಲಿ 48,000 ಎಂದು ಓದಿದಾಗ ನನ್ನ ಕೈ ನಡುಗಿತು. ಒಂದೂವರೆ ಲಕ್ಷಕ್ಕಿಂತ ಕಡಿಮೆಯಾದರೆ ಅದು ಕೊರತೆ.

ನನ್ನ ಬಿಪಿ ಏರಿದ್ದರಿಂದ ಎಂಟನೇ ತಿಂಗಳಲ್ಲೇ ಹೆರಿಗೆಯಾಗಿತ್ತು. ಮಗು ಎನ್‌ಐಸಿಯುನಲ್ಲಿತ್ತು. ಪ್ಲೇಟ್‌ಲೆಟ್ ಕೊಡಿಸಿ ಎಂದು ನಾವು ಅಂಗಲಾಚಿದರೂ, ರಕ್ತಸ್ರಾವದ ಲಕ್ಷಣವಿಲ್ಲ, ಕಾದು ನೋಡೋಣ ಎಂದರು ಡಾಕ್ಟರು. ರಾತ್ರಿ ಹೊರಗೆ ಕುಳಿತು ಮೊಬೈಲಿನಲ್ಲಿ ಓದುತ್ತಾ ಹೋದಾಗ ಸಿಕ್ಕ ಹೆಸರು ಜೂಲಿಯೊ ಬಿಜ್ಜೊಜೆರೊ.

ಅವರು ಹುಟ್ಟಿದ್ದು 1846ರಲ್ಲಿ, ಇಟಲಿಯ ವಾರೇಸೆಯಲ್ಲಿ. ಪಾವಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದಾಗ ವಯಸ್ಸು ಕೇವಲ 20. ಕೆಂಪು ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ ಎಂದು 1868ರಲ್ಲಿ ತೋರಿಸಿದವರಲ್ಲಿ ಅವರೂ ಒಬ್ಬರು. ಪಿಯುಸಿಯಲ್ಲಿ ನಾವು ಓದಿದ ಗಾಲ್ಜಿ ಬಾಡಿಯ ಕಮಿಲ್ಲೊ ಗಾಲ್ಜಿ ಅವರಿಗಿಂತ ಮೂರು ವರ್ಷ ದೊಡ್ಡವರು. ಆದರೂ ಮೈಕ್ರೋಸ್ಕೋಪಿನ ಕೆಲಸ ಕಲಿತದ್ದು ಈ ಕಿರಿಯ ಗುರುವಿನ ಬಳಿ.

ಮುಂದೆ ಬಿಜ್ಜೊಜೆರೊ ಟ್ಯುರಿನ್‌ನಲ್ಲಿ ಪ್ರಾಧ್ಯಾಪಕರಾದರು. ರಕ್ತದಲ್ಲಿ ಕೆಂಪು, ಬಿಳಿ ಕಣಗಳಲ್ಲದೆ ಪುಟ್ಟ ಚೂರುಗಳಿರುವುದನ್ನು ಅವರಿಗಿಂತ ಮೊದಲೇ ಕೆಲವರು ನೋಡಿದ್ದರು. ಆದರೆ ಅವು ಬೇರೆ ಕಣಗಳ ಪುಡಿಯೋ, ಕಸವೋ ಎಂಬುದು ಸ್ಪಷ್ಟವಿರಲಿಲ್ಲ. ಬಿಜ್ಜೊಜೆರೊ ಹೊರತೆಗೆದ ರಕ್ತವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಜೀವಂತ ಪ್ರಾಣಿಗಳ ಸೂಕ್ಷ್ಮ ರಕ್ತನಾಳಗಳಲ್ಲಿ ಹರಿಯುತ್ತಿರುವ ರಕ್ತವನ್ನೇ ಗಮನಿಸಿದರು. ನಾಳಕ್ಕೆ ಗಾಯವಾದ ಜಾಗದಲ್ಲಿ ಮೊದಲು ಬಂದು ಅಂಟಿಕೊಳ್ಳುವುದು ಈ ಚೂರುಗಳೇ ಎಂದು ಕಂಡುಕೊಂಡರು. ಇದು ರಕ್ತದ ಮೂರನೆಯ ಕಣ, ರಕ್ತ ಸೋರದಂತೆ ತಡೆಯುವುದು ಇದರ ಕೆಲಸ ಎಂದು 1882ರ ಹೊತ್ತಿಗೆ ಜಗತ್ತಿಗೆ ತಿಳಿಸಿದರು. ಪುಟ್ಟ ತಟ್ಟೆ ಎಂಬ ಅರ್ಥದ ಇಟಾಲಿಯನ್ ಹೆಸರನ್ನೂ ಇಟ್ಟರು. ಇಂಗ್ಲಿಷಿನ ಪ್ಲೇಟ್‌ಲೆಟ್‌ನ ಅರ್ಥವೂ ಅದೇ.

ವಿಧಿಯಾಟ ನೋಡಿ, ಇಷ್ಟು ಸಣ್ಣದನ್ನು ಕಂಡ ಆ ಕಣ್ಣಿಗೇ ಕಾಯಿಲೆ ಬಂತು. ಮೈಕ್ರೋಸ್ಕೋಪ್ ಬಿಡಬೇಕಾಯಿತು. ಆದರೆ ಅವರು ಕೈಕಟ್ಟಿ ಕೂರಲಿಲ್ಲ. ಜನರ ಆರೋಗ್ಯ, ನೈರ್ಮಲ್ಯದ ಕೆಲಸಕ್ಕೆ ತಿರುಗಿಕೊಂಡರು. 1890ರಲ್ಲಿ ಸೆನೆಟರ್ ಆದರು. 1901ರ ಏಪ್ರಿಲ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಅವರಿಗೆ 55. ಶಿಷ್ಯ ಗಾಲ್ಜಿಗೆ 1906ರಲ್ಲಿ ನೊಬೆಲ್ ಬಂದಾಗ ನೋಡಲು ಗುರು ಇರಲಿಲ್ಲ.

ಅವರ ಕಥೆ ಓದಿದ ಮೇಲೆ ಡಾಕ್ಟರ ಮಾತು ಕೇಳುವಷ್ಟು ತಾಳ್ಮೆ ನನಗೆ ಬಂತು. ಎನ್‌ಐಸಿಯು ಸೇರುವ ಶಿಶುಗಳಲ್ಲಿ ನಾಲ್ಕರಲ್ಲಿ ಸುಮಾರು ಒಂದಕ್ಕೆ ಈ ಕೊರತೆ ಕಾಣುತ್ತದಂತೆ. ತಾಯಿಗೆ ಬಿಪಿ ಏರಿ ಮಾಸಿಗೆ ರಕ್ತ ಕಡಿಮೆಯಾದರೆ ಹುಟ್ಟಿದ ಮೊದಲ ದಿನಗಳಲ್ಲೇ ಕೌಂಟ್ ಇಳಿಯುತ್ತದೆ, ಬಹಳಷ್ಟು ಸಲ ತಾನಾಗಿ ಏರುತ್ತದೆ. ಸೋಂಕಿನಿಂದ ಇಳಿದರೆ ಮಾತ್ರ ಕಥೆ ಬೇರೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 660 ಅವಧಿಪೂರ್ವ ಶಿಶುಗಳಿದ್ದವು. ಕೌಂಟ್ 50,000ಕ್ಕಿಂತ ಇಳಿದೊಡನೆ ಪ್ಲೇಟ್‌ಲೆಟ್ ಕೊಟ್ಟ ಗುಂಪಿನಲ್ಲಿ ಸಾವು ಅಥವಾ ದೊಡ್ಡ ರಕ್ತಸ್ರಾವ ಕಂಡದ್ದು ಶೇ. 26 ಮಕ್ಕಳಲ್ಲಿ. 25,000ದವರೆಗೆ ಕಾದ ಗುಂಪಿನಲ್ಲಿ ಶೇ. 19. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದು ಎಂಬ ನನ್ನ ಲೆಕ್ಕ ತಪ್ಪಾಗಿತ್ತು.

ಒಂಬತ್ತನೇ ದಿನ ಮಗಳ ಕೌಂಟ್ ಒಂದೂವರೆ ಲಕ್ಷ ದಾಟಿತು. ಆಫೀಸಿನ ರಾತ್ರಿಪಾಳಿಯೇ ಇದಕ್ಕೆಲ್ಲ ಕಾರಣ ಎಂದು ಒಳಗೊಳಗೇ ಕೊರಗುತ್ತಿದ್ದ ನಾನು ಅಂದು ಮೊದಲ ಬಾರಿ ನೆಮ್ಮದಿಯಿಂದ ಅತ್ತೆ.

ಗರ್ಭಿಣಿಯರಾದ ನಮ್ಮ ಸೋದರಿಯರಲ್ಲಿ ನನ್ನದೊಂದು ಕೋರಿಕೆ. ತಲೆನೋವು, ಕಾಲೂತ ಎಂದು ಸುಮ್ಮನಿರದೆ ಪ್ರತಿ ಭೇಟಿಯಲ್ಲೂ ಬಿಪಿ ನೋಡಿಸಿಕೊಳ್ಳಿ. ಕೊಡುವ ಆರೋಗ್ಯ ಇರುವವರು ರಕ್ತದಾನ ಮಾಡಿ. ದಾನವಾದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನವಷ್ಟೇ ಉಳಿಯುತ್ತದೆ. ನಿಜಕ್ಕೂ ಬೇಕಾದ ಮಗುವಿಗೆ ಅದು ಬೇಕಾದ ದಿನ ಸಿಗಲೇಬೇಕು.